ಎರಡು ಮೂಟೆ ರಾಗಿ

ಮಾವಳ್ಳಿಯ ಗಲ್ಲಿಯೊಂದರ ಕೊನೆಗೆ ದೊಡ್ಡಬೈರಪ್ಪನ ಗ್ಯಾರೇಜು. ಅದರ ಹಿಂದೆಯೇ ಮನೆ. ಎಂಜಿನ್ ಕೆಲಸ ಅವನು ಮುಟ್ಟುವವನಲ್ಲ. ಸ್ಟೇರಿಂಗು, ಸ್ಪ್ರಿಂಗು, ಶಾಕು, ಬುಷ್ಷು, ಇಷ್ಟೇ ಅವನ ಬದುಕು. ಚಕ್ರ ನೆಲಕ್ಕೆ ತಾಗುವಲ್ಲಿಂದ ಮನುಷ್ಯ ಕೂರುವ ಸೀಟಿನವರೆಗೆ ಏನಿದೆಯೋ ಅದು ತನ್ನ ಪಾಲಿನದು ಎಂದು ಅವನು ನಂಬಿದ್ದ. ಮಾಗಡಿ ಕಡೆಯ ಹಳ್ಳಿಯಲ್ಲಿ ಅವನಪ್ಪ ಎತ್ತಿನ ಗಾಡಿ ಹೊಡೆಯುತ್ತಿದ್ದವನು.

ಆ ಬೆಳಿಗ್ಗೆ ಬಸವನಗುಡಿಯ ಚಕ್ರಪಾಣಿಯವರ ಹಳೆಯ ಬಿಳಿ ಕಾರು ಬಂದು ನಿಂತಾಗ ಬೈರಪ್ಪ ನಗುತ್ತಲೇ ಎದ್ದ. ಹೋದ ವಾರವಷ್ಟೇ ಅದರ ಹಿಂಚಕ್ರಗಳ ಕುಲುಕಾಟ ತಡೆಯುವ ಎರಡು ಶಾಕ್‌ಗಳನ್ನು ಬದಲಿಸಿದ್ದ. ಅಂಗಡಿಯಲ್ಲಿ ಸಿಗುವುದರಲ್ಲೇ ಗಟ್ಟಿಯಾದದ್ದನ್ನು ಹುಡುಕಿ ತಂದು ಹಾಕಿದ್ದ.

ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಚಕ್ರಪಾಣಿಯವರ ಅಕ್ಕ ಕೋಕಿಲಾ ಮೇಡಂ ಕೂತಿದ್ದರು. ಮಲ್ಲೇಶ್ವರದ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ತಾಯಿ ಹೋದ ಮೇಲೆ ತಮ್ಮನನ್ನು ಸಾಕಿ, ತಾವು ಮದುವೆಯ ಮಾತೇ ಎತ್ತದೆ ಉಳಿದವರು. ಈಗ ಕಾಯಿಲೆ ಬೆನ್ನುಮೂಳೆಗೆ ಇಳಿದಿತ್ತು. ವಾರದಲ್ಲಿ ಎರಡು ಸಲ ಲಾಲ್‌ಬಾಗಿನ ಆಚೆಯ ಆಸ್ಪತ್ರೆಗೆ ಹೋಗಿಬರಬೇಕು.

"ಏನ್ ಬೈರಪ್ಪ, ಮುದಿ ಗಾಡಿಗೆ ಹರೆಯ ಬರಿಸ್ಬಿಟ್ರಲ್ಲ! ಕುದುರೆ ಥರ ಎಗರ್ತಾ ಇದೆ," ಎಂದರು ಮೇಡಂ. ನಗಲು ಹೋದವರು ಅರ್ಧಕ್ಕೇ ನಿಲ್ಲಿಸಿ ಸೀಟನ್ನು ಹಿಡಿದುಕೊಂಡರು.

ಚಕ್ರಪಾಣಿ ಬೈರಪ್ಪನನ್ನು ಪಕ್ಕಕ್ಕೆ ಕರೆದರು.

"ಮುಂಚೆ ಹಂಪ್ ಬಂದ್ರೆ ಅಮ್ಮಾ ಅಂತ ನರಳ್ತಿದ್ಲು. ಈಗ ಕಿರುಚ್ತಾಳೆ ಬೈರಪ್ಪ. ನಾನು ರಸ್ತೆ ನೋಡ್ಲಾ, ಕನ್ನಡೀಲಿ ಅವಳ ಮುಖ ನೋಡ್ಲಾ? ಆಂಬುಲೆನ್ಸಲ್ಲೂ ಒಂದ್ಸಲ ಹೋಗಿ ನೋಡಿದ್ವಿ, ಅದು ಇನ್ನೂ ಕುಲುಕತ್ತೆ. ಆಸ್ಪತ್ರೇನೇ ಬೇಡ, ಮನೇಲೇ ಬಿಟ್ಬಿಡು ಅಂತಿದಾಳೆ. ದಯವಿಟ್ಟು ಆ ಹಳೇವನ್ನೇ ಹಾಕ್ಕೊಟ್ಬಿಡಿ."

"ಅವು ಗುಜರಿಗೆ ಹೋದ್ವು ಸ್ವಾಮಿ. ಇದ್ದಿದ್ರೂ ನಾನು ಹಾಕ್ತಿರ್ಲಿಲ್ಲ. ಎಣ್ಣೆ ಸೋರಿ ಸತ್ತೋಗಿದ್ವು. ತಿರುವಿನಾಗೆ ಗಾಡಿ ನಿಮ್ ಮಾತು ಕೇಳಾಕಿಲ್ಲ. ಅಮ್ಮಾವ್ರನ್ನ ಕೂರಿಸ್ಕೊಂಡು ಅಂಗೆಲ್ಲ ಓಡಿಸ್ಬಾರ್ದು."

ಹಾಗೆಂದವನು ಕಾರಿನ ಹಿಂಭಾಗವನ್ನು ಅಂಗೈಯಿಂದ ಅದುಮಿ ನೋಡಿದ. ಅದು ಕಲ್ಲಿನಂತೆ ನಿಂತಿತ್ತು. ತಪ್ಪು ಎಲ್ಲಿ ಆಯಿತೆಂದು ಆಗ ತಿಳಿಯಿತು. ಶಾಕ್ ಆರಿಸುವಾಗ ಅವನು ಕಾರನ್ನು ನೆನೆದಿದ್ದನೇ ಹೊರತು ಅದರಲ್ಲಿ ಕೂರುವ ಜೀವವನ್ನು ನೆನೆದಿರಲಿಲ್ಲ. ತುಂಬು ಸಂಸಾರ ಹೊರುವಂಥ ಶಾಕು. ಮೇಲೆ ಕೂತದ್ದು ಸೊರಗಿದ ಒಬ್ಬ ಹೆಂಗಸು.

ಬೈರಪ್ಪ ಮರದ ಪೆಟ್ಟಿಗೆಯ ಮೇಲೆ ಕೂತು ಬೀಡಿ ಹಚ್ಚಿದ. ಊರಲ್ಲಿ ಬಸುರಿಯರನ್ನು ಹೆರಿಗೆಗೆ ಕರೆದೊಯ್ಯುವಾಗ ಅಪ್ಪ ಮೊದಲು ಗಾಡಿಗೆ ಮೂಟೆ ಹೇರುತ್ತಿದ್ದ, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಕಂಬಳಿ. ಎತ್ತುಗಳಿಗೆ ಭಾರವಾಗುತ್ತದಲ್ಲ ಎಂದು ಯಾರಾದರೂ ಕೇಳಿದರೆ, ಖಾಲಿ ಗಾಡಿ ಒಂದೊಂದು ಕಲ್ಲಿಗೂ ಎಗರುತ್ತೆ ಕಣೋ, ಹೊರೆ ಇದ್ದರೆ ಅಮುಕಿಕೊಂಡು ಹೋಗುತ್ತೆ ಎನ್ನುತ್ತಿದ್ದ. ಬೀಡಿ ಪೂರ್ತಿ ಉರಿಯುವ ಮೊದಲೇ ಬೈರಪ್ಪ ಎದ್ದು ಮನೆಯೊಳಗೆ ಹೋದ.

ಅಡಿಗೆಮನೆಯ ಮೂಲೆಯಲ್ಲಿ ಊರಿಂದ ಬಂದ ಹೊಸ ರಾಗಿ ಎರಡು ಮೂಟೆ ಇತ್ತು.

"ಮರಳು ತುಂಬಿಸಬಾರ್ದಾ?" ಎಂದಳು ಹೆಂಡತಿ ಮುನಿಯಮ್ಮ.

"ಧೂಳಾಡ್ತದೆ ಕಣೇ. ಆ ತಾಯಿ ಒಂದು ಕೆಮ್ಮು ಕೆಮ್ಮಿದ್ರೆ ಬೆನ್ನೆಲ್ಲ ಹಿಡ್ಕಂತದೆ."

"ಸರಿ ಬುಡು, ಉಣ್ಣೋ ರಾಗೀನೇ ಕಾರಲ್ಲಿ ಮೆರವಣಿಗೆ ಮಾಡ್ಸು. ನಾಳೆ ಮುದ್ದೆಗೆ ಕಾರನ್ನೇ ಬೀಸ್ಕಂಡು ತಿನ್ನವಂತೆ," ಎಂದಳು. ಬೈಯುತ್ತಲೇ ಮೂಟೆಯ ಇನ್ನೊಂದು ತುದಿಗೆ ಕೈಕೊಟ್ಟಳು.

ಮೂಟೆಗಳನ್ನು ಡಿಕ್ಕಿಯಲ್ಲಿ, ಸೀಟಿನ ಬೆನ್ನಿಗೆ ಒತ್ತಿ ಮಲಗಿಸಿದ. ಕಾರು ಹಿಂದೆ ಎರಡು ಬೆರಳಿನಷ್ಟು ಕೆಳಗಿಳಿಯಿತು. ಟೈರಿನ ಗಾಳಿಯನ್ನು ತುಸು ಇಳಿಸಿದ. ಮೇಡಂ ನೆರಳಿನಲ್ಲಿ ಮುನಿಯಮ್ಮ ಕೊಟ್ಟ ಮಜ್ಜಿಗೆ ಗುಟುಕರಿಸುತ್ತಿರುವಾಗ, ಅವರು ಕೂರುವ ಜಾಗದಲ್ಲೇ ತಾನು ಕೂತು, ಚಕ್ರಪಾಣಿಯವರಿಂದ ಗಲ್ಲಿಯ ಬಾಯಲ್ಲಿರುವ ಹಂಪ್ ಹತ್ತಿಸಿ ಇಳಿಸಿದ. ಮತ್ತೆ ಮತ್ತೆ ಹತ್ತಿಸಿದ. ಕಾರು ಎಗರದೆ, ಮೆಲ್ಲಗೆ ಮೇಲೆದ್ದು ಮೆಲ್ಲಗೆ ಕೂತಿತು.

ಆಮೇಲೆ ಮೇಡಂ ಕೂತರು. ಹಂಪ್ ದಾಟಿತು. ಬೈರಪ್ಪ ಗ್ಯಾರೇಜಿನ ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದ. ಯಾವ ಕೂಗೂ ಬರಲಿಲ್ಲ. ಕಿಟಕಿಯಿಂದ ಸಣ್ಣ ಕೈಯೊಂದು ಹೊರಬಂದು ಆಡಿತು.

ಆಮೇಲಿನ ವಾರಗಳಲ್ಲಿ ಆಸ್ಪತ್ರೆಯ ದಿನ ಕಾರು ಗಲ್ಲಿಯ ಬಾಯಿಗೆ ಬಂದು ಹಾರನ್ ಮಾಡಿ ಹೋಗುತ್ತಿತ್ತು. "ನಿಮ್ ರಾಗಿ ಚೆನ್ನಾಗಿದೆ ಮುನಿಯಮ್ಮ!" ಎಂದು ಮೇಡಂ ಒಮ್ಮೆ ಒಳಗಿಂದಲೇ ಕೂಗಿದ್ದರು. ಮುನಿಯಮ್ಮ ತರಗುಪೇಟೆಯಿಂದ ಬೇರೆ ರಾಗಿ ತರಿಸಿ ಮುದ್ದೆ ಮಾಡಿದಳು. ಊರಿನ ರುಚಿ ಇಲ್ಲವೆಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಒಂದು ವಾರ ಹಾರನ್ ಕೇಳಿಸಲಿಲ್ಲ. ಮುಂದಿನ ವಾರವೂ.

ಕಾರು ಮತ್ತೆ ಬಂದಾಗ ಚಕ್ರಪಾಣಿ ಒಬ್ಬರೇ ಇದ್ದರು. ತಲೆ ಬೋಳಿಸಿದ್ದರು. ಬೈರಪ್ಪ ಕೈಯ ಸ್ಪ್ಯಾನರನ್ನು ಕೆಳಗಿಟ್ಟ.

"ಯಾವಾಗ ಸ್ವಾಮಿ?"

"ಆಸ್ಪತ್ರೆಯಿಂದ ವಾಪಸ್ ಬರ್ತಾ," ಎಂದರು ಚಕ್ರಪಾಣಿ. ಮರದ ಪೆಟ್ಟಿಗೆಯ ಮೇಲೆ ಕೂತರು. "ವೆಸ್ಟ್ ಗೇಟ್ ಹತ್ರ, ಈ ಸಲ ಲಾಲ್‌ಬಾಗ್ ಒಳಗೆ ಹೋಗ್ಲೇ ಇಲ್ವಲ್ಲೋ ಅಂದ್ಲು. ಮುಂದಿನ ವಾರ ಹೋಗೋಣ ಅಂದೆ. ಕಣ್ಮುಚ್ಚಿದ್ಲು. ನಿದ್ದೆ ಬಂತು ಅನ್ಕೊಂಡೆ. ಹಂಪ್‌ಗಳೆಲ್ಲ ಬಂದ್ವು, ನ್ಯಾಷನಲ್ ಕಾಲೇಜ್ ಬಂತು, ಪರವಾಗಿಲ್ಲ, ಎಷ್ಟ್ ಚೆನ್ನಾಗಿ ನಿದ್ದೆ ಮಾಡ್ತಿದಾಳೆ ಅಂತ ಖುಷಿಯಿಂದ ಇನ್ನೂ ನಿಧಾನ ಓಡಿಸಿದೆ. ಮನೆ ಗೇಟಲ್ಲಿ ಕೂಗಿದ್ರೆ ಏಳ್ಲಿಲ್ಲ."

ಕಾರಿನ ಹಿಂದಿನ ಸೀಟಿನತ್ತ ನೋಡಿದರು.

"ಮುಂಚೆ ಒಂದೊಂದು ಹಂಪ್‌ಗೂ ನರಳ್ತಿದ್ಲು ನೋಡಿ, ಇದಾಳೆ ಅಂತ ಗೊತ್ತಾಗ್ತಿತ್ತು. ಎಲ್ಲಿ ಹೋದ್ಲು ಅಂತಾನೇ ನಂಗೆ ಗೊತ್ತಿಲ್ಲ ಬೈರಪ್ಪ. ಯಾವ ರಸ್ತೇಲಿ ಅಂತ."

ಬಾಗಿಲಲ್ಲಿ ನಿಂತಿದ್ದ ಮುನಿಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ರಾಗಿ ಡಿಕ್ಕೀಲೇ ಇದೆ," ಎಂದರು ಚಕ್ರಪಾಣಿ. "ಸಾವಿನ ಜೊತೆ ಬಂದಿದ್ದು. ನೀವು ಒಳಗೆ ತಗೋತೀರೋ ಇಲ್ವೋ ಅಂತ ನಾನು ಮುಟ್ಟಲಿಲ್ಲ."

"ಅಮ್ಮಾವ್ರನ್ನ ನೋವಿಲ್ದಂಗೆ ಮಲಗಿಸ್ದ ರಾಗಿ," ಎಂದಳು ಮುನಿಯಮ್ಮ. "ಯಾಕ್ ತಗಳ್ಳಲ್ಲ?"

ಗಂಡ ಹೆಂಡತಿ ಸೇರಿ ಒಂದು ಮೂಟೆ ಇಳಿಸಿದರು. ಆಮೇಲೆ ಇನ್ನೊಂದು. ಕಾರಿನ ಹಿಂಭಾಗ ಸದ್ದಿಲ್ಲದೆ ಮೇಲೆದ್ದು ತನ್ನ ಮಟ್ಟಕ್ಕೆ ನಿಂತಿತು. ಬೈರಪ್ಪ ಟೈರಿಗೆ ಗಾಳಿ ತುಂಬಿ, ಅಭ್ಯಾಸದಂತೆ ಅದುಮಿ ನೋಡಿದ. ಕಲ್ಲು.

"ಮೆತ್ತನೆ ಶಾಕ್ ತರಿಸ್ತೀನಿ ಸ್ವಾಮಿ. ಇದು ಖಾಲಿ ಇದ್ರೆ ಎಗರ್ತದೆ."

"ಬೇಡ," ಎಂದರು ಚಕ್ರಪಾಣಿ ಬಾಗಿಲು ತೆರೆಯುತ್ತ. "ಎಗರ್ಲಿ ಬಿಡಿ."

ಕಾರು ಹೊರಟಿತು. ಮೂಟೆಯ ಮೇಲೆ ಕೈಯಿಟ್ಟು ನಿಂತಿದ್ದ ಬೈರಪ್ಪನಿಗೆ, ಗಲ್ಲಿಯ ಬಾಯಲ್ಲಿನ ಹಂಪ್ ಮೇಲೆ ಅದರ ಹಿಂಭಾಗ ಎಗರಿ ಬಿದ್ದ ಸದ್ದು ಕೇಳಿಸಿತು.