ಉರಿಯೊ ತಂದ ಎಲೆ

"ಪೆಟ್ಟಿಗೆ ಇಳಿಸ್ಬೇಡಿ, ಸ್ವಲ್ಪ ತಡೀರಿ," ಎಂದು ಎಲಿಶಿ ಗುಂಡಿಯ ಅಂಚಿನಲ್ಲಿ ಹಗ್ಗ ಹಿಡಿದು ನಿಂತವರನ್ನು ತಡೆದಳು.

ಬಾಳೆತೋಟದ ಕಾಲುದಾರಿಯಲ್ಲಿ ಅಂಗಡಿಯ ಉರಿಯೊ ಬರುತ್ತಿದ್ದ. ಅವನ ಸಾಕ್ಷ್ಯದಿಂದಲೇ ಅವಳ ಗಂಡ ಅಮಿನಿಯೆಲಿ ಕಳ್ಳನೆನಿಸಿಕೊಂಡು ಅರ್ಧ ಆಯಸ್ಸನ್ನು ಜೈಲಿನಲ್ಲಿ ಕಳೆದದ್ದು. ಕಾಯಿಲೆಯೆಂದು ಬಿಟ್ಟು ಕಳಿಸಿದ ಮೇಲೆ ಅವನು ಮನೆಯಲ್ಲಿ ಬದುಕಿದ್ದು ಒಂದೇ ಮಳೆಗಾಲ.

"ಕರಿ ಕೋಟು ಬೇರೆ ಕೇಡು," ಎಂದಳು ಪಕ್ಕದ ಮನೆಯ ಮುದುಕಿ. "ಇದೇ ಕೋಟು ಹಾಕ್ಕೊಂಡು ತಾನೆ ಸಾಕ್ಷಿ ಹೇಳಿದ್ದು?"

"ಸುಮ್ನಿರಜ್ಜಿ, ಹೆಣದ ಮುಂದೆ ಜಗಳ ಬೇಡ," ಎಂದ ಅಮಿನಿಯೆಲಿಯ ತಮ್ಮ ಫನುಯೆಲ್.

ಉರಿಯೊನನ್ನು ಕಂಡು ಅವನಿಗೆ ಆಶ್ಚರ್ಯವೇ ಆಗಿರಲಿಲ್ಲ. ಎಲಿಶಿಗೆ ಅದು ಚುಚ್ಚಿತು. ನಿನ್ನೆ ಉರಿಯೊನ ಅಂಗಡಿಯಿರುವ ಬೀದಿಗೆ ಸಕ್ಕರೆ ತರಲೆಂದು ಹೋದ ಫನುಯೆಲ್ ಕತ್ತಲಾದ ಮೇಲೆ ಬರಿಗೈಯಲ್ಲಿ ಬಂದಿದ್ದ.

*

ಅಮಿನಿಯೆಲಿ ಬಸ್ಸಿನ ಮೇಲೆ ಬಾಳೆಗೊನೆ ಕಟ್ಟುವವನು. ತಾನು ಕಟ್ಟಿದ ಗೊನೆ ಒಂದೂ ದಾರಿಯಲ್ಲಿ ಬಿದ್ದಿಲ್ಲ ಎಂಬುದೊಂದೇ ಅವನ ಜಂಭ. ಅಂಗಡಿ ದರೋಡೆಯಾದಾಗ ಉರಿಯೊ, ದೀಪದ ಬೆಳಕಲ್ಲಿ ಇವನ ಮುಖ ಕಂಡೆ ಎಂದ. ದೀಪ ಎಲ್ಲಿತ್ತು ಎಂದು ಕೇಳಲು ಅಮಿನಿಯೆಲಿಗೆ ವಕೀಲರೇ ಇರಲಿಲ್ಲ. ದೇಶದ ಎಲ್ಲಕ್ಕಿಂತ ದೊಡ್ಡ ಕೋರ್ಟೂ ಶಿಕ್ಷೆಯನ್ನು ಎತ್ತಿಹಿಡಿಯಿತು. ಆಗ ಅವನು ಜೈಲಿನಿಂದಲೇ ಅರುಶಾಕ್ಕೆ ಬರೆದ. ಆಫ್ರಿಕಾದ ದೇಶಗಳು ಸೇರಿ ಕಟ್ಟಿದ ಮಾನವ ಹಕ್ಕುಗಳ ಕೋರ್ಟು ಇರುವುದು ಅಲ್ಲಿ.

"ನಮ್ಮ ಕೋರ್ಟಿನ ತೀರ್ಪು ತಿದ್ದಲು ಈ ಕೋರ್ಟಿಗೇನು ಅಧಿಕಾರ?" ಎಂದು ಸರ್ಕಾರಿ ವಕೀಲರು ವಾದಿಸಿದ್ದನ್ನು ಎಲಿಶಿ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದ್ದಳು. ತೀರ್ಪು ಬಂದ ಮೇಲೆ ಜೈಲಿನ ಜಾಲರಿಯಾಚೆ ಇದ್ದ ಗಂಡನಿಗೆ ಹೇಳಿದಳು:

"ನೀನು ಕದ್ದೆಯೋ ಇಲ್ವೋ ಅಂತ ಅವರು ಹೇಳಲ್ವಂತೆ. ವಿಚಾರಣೆ ಸರಿಯಾಗಿ ನಡೀಲಿಲ್ಲ, ವಕೀಲರನ್ನ ಕೊಟ್ಟು ಮತ್ತೆ ನಡೆಸಿ ಅಂದಿದಾರೆ."

"ಅಂದ್ರೆ ಗೊನೆ ನೋಡಲ್ಲ, ಗಂಟು ಮಾತ್ರ ನೋಡ್ತಾರೆ," ಎಂದು ಅವನು ನಕ್ಕ. "ಅಷ್ಟು ಸಾಕು ಬಿಡು."

*

ಮರುವಿಚಾರಣೆ ಬರುವ ವಾರವಿತ್ತು. ಸತ್ತವನ ಹೆಸರಿಗಾಗಿ ಹೆಂಡತಿಯೇ ಕೇಸು ಮುಂದುವರಿಸಬಹುದು ಎಂದಿದ್ದರು ವಕೀಲರು. ಉರಿಯೊ ಮತ್ತೆ ಕಟಕಟೆ ಹತ್ತಬೇಕಿತ್ತು.

ಉರಿಯೊ ಹತ್ತಿರ ಬಂದು ಕೋಟಿನೊಳಗಿಂದ ಉದ್ದನೆಯ ಇಸಾಲೆ ಎಲೆಯೊಂದನ್ನು ತೆಗೆದು ಎರಡೂ ಕೈಗಳಲ್ಲಿ ಚಾಚಿದ. ಆ ಎಲೆ ಹಿಡಿದು ಕ್ಷಮೆ ಕೇಳಿದವನನ್ನು ಬೆಟ್ಟದ ಈ ಮಗ್ಗುಲಲ್ಲಿ ಯಾರೂ ಹಿಂದಕ್ಕೆ ಕಳಿಸಿದ್ದಿಲ್ಲ. ತೆಗೆದುಕೊಂಡವರು ಮತ್ತೆ ಆ ಜಗಳದ ಮಾತೆತ್ತುವಂತಿಲ್ಲ.

"ಯಾತಕ್ಕೆ ಕ್ಷಮೆ, ಅಣ್ಣ?" ಎಂದಳು ಎಲಿಶಿ.

"ಆಗಿದ್ದಕ್ಕೆಲ್ಲ, ತಾಯಿ."

"ಏನಾಗಿತ್ತು? ಹೇಳಿ, ಎಲ್ರೂ ಕೇಳ್ಲಿ."

ಉರಿಯೊ ಫನುಯೆಲ್‌ನ ಕಡೆ ನೋಡಿದ.

"ತಗೊಳ್ಳಿ ಅತ್ತಿಗೆ," ಎಂದ ಫನುಯೆಲ್. "ಇಸಾಲೆ ಬೇಡ ಅಂದ್ರೆ ಊರು ನಮ್ಮನ್ನ ಹೊರಗಿಡುತ್ತೆ, ನಾಳೆಯಿಂದ ನಮ್ಮನೆ ಬಾಳೆಹೆಂಡ ಯಾರೂ ಕುಡಿಯಲ್ಲ. ಅರುಶಾದವ್ರು ಬಂದು ಕುಡೀತಾರಾ?"

ಅವಳು ಉರಿಯೊನನ್ನೇ ಕೇಳಿದಳು: "ಬರೋ ವಾರ ಕೋರ್ಟಲ್ಲಿ ನಿಜ ಹೇಳ್ತೀರಾ?"

"ಎಲೆ ತಗೊಂಡ್ಮೇಲೆ ಕೋರ್ಟು ಯಾಕೆ, ತಾಯಿ?"

ಎಲೆಯ ತುದಿ ಅವಳ ಬೆರಳಿಗೆ ತಾಗಿತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ತಗೊಳ್ಳಲ್ಲ," ಎಂದಳು.