ಶೀಲದ ದಿನ ಮೋರಿಗೆ ಹೋದ ಬೇರು

ವೆಸಾಕ್, ಬುದ್ಧ ಹುಟ್ಟಿದ ಹುಣ್ಣಿಮೆಯ ಸಂಜೆ, ಐದೂವರೆ ಇರಬೇಕು — ಅದ್ಯಾಕೆ ಇಷ್ಟು ಹಸಿರು, ಗಾಜಿನ ತೊಟ್ಟಿಯೊಳಗೆ ಈ ಹಸಿರು ಇರಲೇ ಇಲ್ಲವಲ್ಲ, ವಿಹಾರದಿಂದ ಬಂದ ಯಸವತಿ ಬಾಗಿಲಲ್ಲೇ ನಿಂತಳು, ಮೈಮೇಲೆ ಶೀಲದ ವ್ರತ ಹಿಡಿದ ಬಿಳಿ ಸೀರೆ, ನಾಳೆ ಬೆಳಗಾಗುವವರೆಗೆ ಒಂದು ಬಿರುನುಡಿ ಆಡುವಂತಿಲ್ಲ, ಪ್ಲಾಸ್ಟಿಕ್ ಅದು, ಪ್ಲಾಸ್ಟಿಕ್ ಎಲೆಗಳ ನಡುವೆ ಎರಡು ಕೆಂಪು ಮೀನು — ಹೆಂಗಿದೆ ಅಕ್ಕಾ, ರತ್ನಪುರದ ಪೇಟೆಯಿಂದ ತಂದೆ, ನಿನ್ನ ಗಿಡ ಪೂರಾ ಕೊಳೆತು ನಾರ್ತಿತ್ತು, ಬಳಿದು ಬಿಸಾಕಿದೆ, ತಮ್ಮ ಪಿಯತಿಲಕ ನಗುತ್ತಿದ್ದಾನೆ, ನಗುತ್ತಾನಲ್ಲ, ಕೊಳೆತಿತ್ತಂತೆ, ಮಣ್ಣು ಬದಲಾಯಿಸಿದರೆ ಈ ಗಿಡ ಮುನಿಸಿಕೊಂಡು ಎಲೆಯನ್ನೆಲ್ಲ ಲೋಳೆ ಮಾಡಿ ಉದುರಿಸುತ್ತದೆ, ಬೇರಲ್ಲಿ ಕೂತು ಕಾಯುತ್ತದೆ, ಬೇರಿನ ತುದಿ ಬೆಳ್ಳಗಿದ್ದರೆ ಜೀವ ಇದೆ, ತೊರೆಯ ದಡದಲ್ಲಿ ಹುಟ್ಟಿದವನಿಗೆ ಅಷ್ಟು ಗೊತ್ತಿಲ್ಲವೇ, ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಇದೇ ಹಾಸಿಕೊಂಡಿತ್ತು, ಎಲೆ ಮೇಲೆ ಕಂದು, ಮಗುಚಿದರೆ ಬೀಟ್‌ರೂಟ್ ಕೆಂಪು, ಆ ದಡವನ್ನು ಹರಳು ತೋಡುವವರಿಗೆ ಕೊಟ್ಟವನೂ ಇವನೇ, ಪಂಪು ಇಟ್ಟು ತೊರೆಯ ಹೊಟ್ಟೆ ಬಗೆದರು, ನೀಲದ ಹರಳೂ ಸಿಗಲಿಲ್ಲ, ತೊರೆಯೂ ಉಳಿಯಲಿಲ್ಲ, ಪಂಪು ಇಡುವ ಹಿಂದಿನ ದಿನ ಅವಳು ಸೆರಗಲ್ಲಿ ಕಟ್ಟಿ ತಂದದ್ದು ಒಂದೇ ಬುಡ, ಹನ್ನೊಂದು ವರ್ಷ ಈ ಗಾಜಿನೊಳಗೆ — ಮಣ್ಣು ಮಾತ್ರ ಮುಟ್ಟಬೇಡ್ರೇ ಎಂದು ಅಕ್ಕಪಕ್ಕದವರಿಗೆಲ್ಲ ಹೇಳುವವಳು ತಾನೇ ಮುಟ್ಟಿದಳು, ತಮ್ಮ ಬರುತ್ತಾನೆ, ತೊಟ್ಟಿ ಚೆಂದ ಕಾಣಲಿ ಎಂದು ಹೊಸ ಮರಳು ಸುರಿದಳು, ಥೂ ತನ್ನ ಬುದ್ಧಿಗೆ, ಇವನಿಗಾಗಿ, ಇವನಿಗಾಗಿ — ಯಾಕಕ್ಕಾ ಮಾತೇ ಇಲ್ಲ, ಮೀನಿಗೊಂದು ಹೆಸರಾದ್ರೂ ಇಡು, ಬಾಯಿ ಬಿಟ್ಟರೆ ಶೀಲ ಮುರಿಯುತ್ತದೆ, ಎಲ್ಲಿ ಹಾಕ್ದೆ ಅಂತಷ್ಟೇ ಕೇಳಿದಳು, ಹಿತ್ತಲ ಮೋರಿಗೆ, ಯಾಕೆ, ಸತ್ತವರಿಗೆ ಮಾಡೋ ಹಾಗೆ ಅದರ ಹೆಸರಲ್ಲಿ ಭಿಕ್ಕುಗಳಿಗೆ ದಾನ ಕೊಡಿಸ್ತೀಯಾ, ನಗು, ಮತ್ತೆ ಅದೇ ನಗು.

ಮೋರಿಯ ಅಂಚಿಗೆ ಮೊಣಕಾಲು, ಬಿಳಿ ಸೀರೆಗೆ ಕೊಚ್ಚೆ, ಅನ್ನದಗುಳು, ಸೋಪಿನ ನೊರೆ, ತೆಂಗಿನ ಚರಟ, ಲೋಳೆ, ಬರೀ ಲೋಳೆ, ಕತ್ತಲಾಗುವ ಮೊದಲು ಸಿಗಲಿ, ಕಲ್ಲಿನ ಸಂದಿಯಲ್ಲಿ ಬೆರಳಿಗೆ ಏನೋ ಗಟ್ಟಿ, ಕಿರುಬೆರಳುದ್ದ, ತುದಿ ಬೆಳ್ಳಗೆ — ಬೆಳಗಾಗಲಿ, ಶೀಲ ಬಿಡಲಿ, ಹನ್ನೊಂದು ವರ್ಷದ್ದೆಲ್ಲ ಒಟ್ಟಿಗೆ ಹೇಳುತ್ತಾಳೆ, ದಡದ್ದು, ಅಮ್ಮನ ಕಲ್ಲಿನದು, ಒಂದೊಂದೇ ಮಾತು ಸಾಣೆ ಹಿಡಿದು ಇಟ್ಟುಕೊಂಡಳು, ನಿದ್ದೆಯಿಲ್ಲ, ಆದರೆ ಬೆಳಕು ಹರಿಯುವ ಮೊದಲೇ ಪಿಯತಿಲಕ ಚೀಲ ಹೆಗಲಿಗೇರಿಸಿ, ಬರ್ತೀನಕ್ಕಾ, ಮೊದಲ ಬಸ್ಸು ತಪ್ಪುತ್ತೆ, ಮೀನಿಗೆ ಜಾಸ್ತಿ ತಿನ್ನಿಸ್ಬೇಡ, ಎಂದು ಕಾಲಿಗೆ ಬಿದ್ದ, ಶೀಲ ಇನ್ನೂ ಬಿಟ್ಟಿಲ್ಲ, ತಲೆ ಮೇಲೆ ಇಡಬೇಕಾದ ಕೈ ಏಳಲಿಲ್ಲ, ಎದ್ದ, ಹೋದ, ಅವಳ ಆ ಕೈಯಲ್ಲಿ ಗಾಜಿನ ಲೋಟ, ಲೋಟದಲ್ಲಿ ಬೇರು, ಬೇರಿನ ತುದಿ, ಬೆಳ್ಳಗೆ.