ತೌಡಿಗೆ ಮಾರಿದ ಲಿಜ್ಜಿ

ಆ ಬೆಳಗ್ಗೆ ರಾಮನದುರ್ಗದ ಗುಡ್ಡವನ್ನು ಮಂಜು ಎಷ್ಟು ದಟ್ಟವಾಗಿ ಕವಿದಿತ್ತೆಂದರೆ, ಡೋಲಿ ಹೊರುವ ಬೋಯಿಗಳಲ್ಲಿ ಮುಂದೆ ನಿಂತವರಿಗೆ ಹಿಂದೆ ನಿಂತವರು ಕಾಣುತ್ತಿರಲಿಲ್ಲ. ಮುಂಗಾರಿನ ಮೊದಲ ಜಿನುಗು ಬೇರೆ. ಬಂಗಲೆಯ ದೊರೆಸಾನಿ ಅಂದೇ ಗುಡ್ಡ ಇಳಿದು ಹೊಸಪೇಟೆಯಲ್ಲಿ ರೈಲು ಹತ್ತುವವಳು. ಮದರಾಸಿನಿಂದ ಮುಂದಕ್ಕೆ ಹಡಗು. ಅವಳ ಜೊತೆಗೆ ಕೂಸೂ ಹೊರಟಿತ್ತು.

ಮೆಟ್ಟಿಲ ಕೆಳಗೆ ದ್ಯಾಮಕ್ಕ ನೆನೆಯುತ್ತ ನಿಂತಿದ್ದಳು. ಕೂಸು ಅವಳದೇ. ಆದರೆ ಹಾಗೆಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಮೂರು ಹೆತ್ತು ಮೂರನ್ನೂ ಮಣ್ಣಿಗೆ ಕೊಟ್ಟವಳು ಅವಳು. ನಾಲ್ಕನೆಯದು ಹುಟ್ಟಿದಾಗ ಅತ್ತೆ ಮುದುಕಮ್ಮ, "ಇದನ್ನ ಮಾರಿಬಿಡು ಯವ್ವಾ" ಅಂದಿದ್ದಳು. ಅದು ಆ ಸೀಮೆಯ ರೂಢಿ. ಮಕ್ಕಳು ನಿಲ್ಲದ ಮನೆಯ ಕೂಸನ್ನು ತಿಪ್ಪೆಯ ಮೇಲೆ ಮಲಗಿಸುತ್ತಾರೆ. ಬೇರೆ ಮನೆಯವಳೊಬ್ಬಳು ಒಂದು ಮೊರ ತೌಡು ಕೊಟ್ಟು ಎತ್ತಿಕೊಂಡು ಹೆಸರಿಡುತ್ತಾಳೆ. ಆಮೇಲೆ ಸಾಕಲೆಂದು ತಾಯಿಯ ಕೈಗೇ ಕೊಡುತ್ತಾಳೆ. ವರ್ಷ ತುಂಬುವ ತನಕ ತಾಯಿ 'ನನ್ನ ಕೂಸು' ಅನ್ನಬಾರದು. ಹಾಗಂದರೆ ಸಾವಿನ ದೇವರು ಜವನಿಗೆ ಕೂಸಿನ ಗುರುತು ಸಿಗುತ್ತದೆ.

"ದೊರೆಸಾನಿಗೇ ಮಾರು. ಆಕಿ ಬಂಗಲ್ಯಾಗ ಕಾಲಿಡಾಕ ಜವನೂ ಅಂಜತಾನ" ಎಂದು ಮುದುಕಮ್ಮ ನಕ್ಕಿದ್ದಳು.

ಬಂಗಲೆಯ ಅಡುಗೆಯವ ಉಚ್ಚೆಂಗಪ್ಪ ಇಂಗ್ಲಿಷ್ ಬಲ್ಲವನು. ಅವನು ದೊರೆಸಾನಿಗೆ, ಈಕೆ ಕೂಸನ್ನು ಮಾರುತ್ತಾಳೆ, ತೌಡು ಕೊಟ್ಟು ಹೆಸರಿಡಬೇಕು ಎಂದಷ್ಟೇ ಹೇಳಿದ. ತಿರುಗಿ ಕೊಡುವುದು ಲೋಕಕ್ಕೆಲ್ಲ ಗೊತ್ತಿರುವ ಮಾತೆಂದು ಬಿಟ್ಟ. ದೊರೆಸಾನಿ ತೌಡು ಕೊಟ್ಟಳು, ಕೂಸನ್ನೆತ್ತಿ 'ಲಿಜ್ಜಿ' ಅಂದಳು, ಎದೆಗವಚಿಕೊಂಡು ಒಳಗೆ ಹೋದಳು.

"ಹಂಗಂದ್ರ ಏನಣ್ಣಾ?" ಎಂದು ದ್ಯಾಮಕ್ಕ ಕೇಳಿದ್ದಳು.

"ಎಲಿಜಬೆತ್ ಅನ್ನೋದು ಅವರ ಗುಡಿಯಾಗಿನ ಹೆಸರು, ಲಿಜ್ಜಿ ಮಡಿಲಾಗಿಂದು. ದೇವರ ಮುಂದ ಮಾಡಿದ ಆಣಿ ಅಂತ ಅರ್ಥ." ಉಚ್ಚೆಂಗಪ್ಪ ದನಿ ತಗ್ಗಿಸಿದ್ದ. "ಆಕಿ ಮಗಳ ಹೆಸರವ್ವಾ. ಅಗಾ, ಆ ಗೋರಿಯಾಗ ಮಲಗೈತಿ."

ಎರಡು ತಿಂಗಳು ದ್ಯಾಮಕ್ಕ ಬಂಗಲೆಗೆ ಬಂದು ಹಗಲೆಲ್ಲ ಮೊಲೆಯೂಡಿಸಿ ಸಂಜೆ ಬರಿಗೈಯಲ್ಲಿ ಮನೆಗೆ ಹೋದಳು. ದೊರೆಸಾನಿ ಇಂದು ತಿರುಗಿ ಕೊಟ್ಟಾಳು, ನಾಳೆ ಕೊಟ್ಟಾಳು.

ಈಗ ಉಚ್ಚೆಂಗಪ್ಪ ಅವಳ ಪಕ್ಕಕ್ಕೆ ಬಂದ. "ಒಂದ ಮಾತು ಹೇಳಬಾರದಾ?"

"ಹೇಳಿದ್ರ ಸಾಯತೈತಿ."

"ಹೇಳದಿದ್ರ ಹಡಗು ಹತ್ತತೈತಿ. ನಾನಽ ಇಂಗ್ಲಿಷ್‌ನ್ಯಾಗ ಹೇಳಲೇನು?"

"ಜವಗ ಇಂಗ್ಲಿಷ್ ಬರಾದಿಲ್ಲೇನು? ಬಿಳೇರೇನು ಸಾಯಂಗಿಲ್ಲಾ?"

ದೊರೆಸಾನಿ ಕೂಸನ್ನೆತ್ತಿಕೊಂಡು ಹೊರಬಂದಳು. ಬಿಳಿ ಕುಲಾವಿಯ ಕೂಸು ಚೀರಿತು. ದ್ಯಾಮಕ್ಕನ ರವಿಕೆ ಹಾಲಿನಲ್ಲಿ ತೊಯ್ದಿತು. ಅವಳು ಕಣ್ಣು ಮುಚ್ಚಿದಳು. ಹಂಪಿ ವಿರೂಪಾಕ್ಷಪ್ಪಾ, ಯಾರನ್ನಾದರೂ ಒಯ್ಯಲೇಬೇಕಾದರೆ ನನ್ನನ್ನು ಒಯ್ಯಿ.

"ಅದು ನನ್ನ ಕೂಸ್ರೀ!"

ಬೋಯಿಗಳು ತಲೆ ತಿರುಗಿಸಿದರು. ಉಚ್ಚೆಂಗಪ್ಪ ಅಂದು ಬಿಟ್ಟದ್ದನ್ನೆಲ್ಲ ಈಗ ತಡವರಿಸುತ್ತ ಹೇಳಿದ: ರೂಢಿ, ಜವ, ಸತ್ತ ಮೂರು. ದೊರೆಸಾನಿ ಒಂದೇ ಪ್ರಶ್ನೆ ಕೇಳಿದಳು.

"ಆ ಮೂರರ ಹೆಸರೇನು ಅಂತ ಕೇಳತಾಳ" ಎಂದ ಉಚ್ಚೆಂಗಪ್ಪ.

"ಹೆಸರಿಡೂ ತನಕ ಯಾವುದೂ ಉಳೀಲಿಲ್ಲ ಅನ್ನಣ್ಣಾ."

ಅವನು ಹೇಳಿದ. ದೊರೆಸಾನಿ ಗೋರಿಯಿದ್ದ ಕಡೆ ನೋಡಿದಳು. ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ಆಮೇಲೆ ಮೆಟ್ಟಿಲಿಳಿದು ಕೂಸನ್ನು ದ್ಯಾಮಕ್ಕನ ಒದ್ದೆ ಸೆರಗಿನಲ್ಲಿ ಮಲಗಿಸಿದಳು.